ಹಳೇ ಬೋಲ್ಟು

ಹದಿನಾರನೆಯ ನಂಬರಿಗೆ ಹೇಳಿ ಮುಗಿಸಿದವಳು ಹದಿನೇಳನ್ನು ಬಿಟ್ಟು ಸೀದಾ ಹದಿನೆಂಟಕ್ಕೆ ಬೆರಳಿಟ್ಟಳು.

ಆಯಿಲ್ ಫಿಲ್ಟರ್ ಬರುವ ರಟ್ಟಿನ ಡಬ್ಬವನ್ನು ಬಿಡಿಸಿ ಅದರ ಒಳಮೈ ಮೇಲೆ ಅಪ್ಪ ಗಿರಾಕಿಗಳ ಫೋನ್ ನಂಬರು ಬರೆದಿಟ್ಟುಕೊಂಡಿದ್ದ. ಬೆಳಗ್ಗೆ ಆರಕ್ಕೆ ಅತ್ತೆ ಅದನ್ನು ಶೆಡ್ಡಿನ ಗೋಡೆಯಿಂದ ಮೊಳೆ ಸಮೇತ ಕಿತ್ತು ತಂದು ಅವಳ ಮಡಿಲಿಗೆ ಹಾಕಿದ್ದರು. "ಒಬ್ಬೊಬ್ಬರಿಗೂ ಹೇಳ್ಬಿಡು. ನಿನ್ನೆ ಮಧ್ಯಾಹ್ನ ಹೋದ್ರು, ಇವತ್ತು ಹನ್ನೊಂದಕ್ಕೆ ಮಣ್ಣು. ಅಷ್ಟೇ. ಅವರು ಅಯ್ಯೋ ಅನ್ನೋದ್ರೊಳಗೆ ಇಟ್ಬಿಡ್ಬೇಕು, ಇಲ್ಲಾಂದ್ರೆ ಸಂಜೆ ಆಗುತ್ತೆ."

ಫೋನ್ ಮಾಡುವ ಮುಂಚೆ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುವುದು ಅವಳ ಹಳೆಯ ಅಭ್ಯಾಸ. ಇವತ್ತಿನದು ಎರಡೇ ಸಾಲು. ಹದಿನಾರು ಸಲ ಓದಿದ ಮೇಲೂ ಚೀಟಿ ನೋಡದೆ ಹೇಳುವ ಧೈರ್ಯ ಬಂದಿರಲಿಲ್ಲ.

ಹದಿನೇಳರ ಮುಂದೆ ಅಪ್ಪ "ಟ್ಯಾಕ್ಸಿ, ಸ್ಕೂಲ್ ಮಕ್ಕಳು" ಎಂದು ಬರೆದಿದ್ದ. ಆಮೇಲೆ ಯಾವಾಗಲೋ "ಸ್ಕೂಲ್ ಮಕ್ಕಳು" ಎನ್ನುವುದನ್ನು ಹೊಡೆದುಹಾಕಿದ್ದ. ಬೇರೆ ಪೆನ್ನು, ಸ್ಕೇಲಿನಲ್ಲಿ ಎಳೆದಷ್ಟು ನೆಟ್ಟಗಿನ ಗೆರೆ.

ಹೇಳದಿದ್ದರೆ ಆ ಟ್ಯಾಕ್ಸಿಯವನು ಬರುವುದಿಲ್ಲ. ಅವನು ಬರದಿದ್ದರೆ ಇವತ್ತೊಂದು ದಿನ ಹೇಗೋ ಕಳೆದುಹೋಗುತ್ತದೆ. ಅಪ್ಪ ಹೊರಗೆ ಮಲಗಿದ್ದಾನೆ, ನನ್ನ ಚಿಂತೆ ಇಷ್ಟು ಎಂದು ಅವಳು ತನಗೆ ತಾನೇ ಒಪ್ಪಿಕೊಂಡಳು. ಒಪ್ಪಿಕೊಂಡರೂ ಬೆರಳು ಹಿಂದಕ್ಕೆ ಹೋಗಲಿಲ್ಲ.

"ಎಲ್ಲಾರ್ಗೂ ಆಯ್ತಾ?" ಅತ್ತೆ ಬಾಗಿಲಿನಿಂದ ಇಣುಕಿ ಕೇಳಿದರು.

"ಆಯ್ತು ಅತ್ತೆ" ಎಂದಳು.

ಮನೆಯೆಂದರೆ ಶೆಡ್ಡಿನ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ. ಅಷ್ಟು ಜನ ಹಿಡಿಸುವುದಿಲ್ಲವೆಂದು ಅಪ್ಪನನ್ನು ಶೆಡ್ಡಿನಲ್ಲೇ ಮಲಗಿಸಿದ್ದರು. ಅರ್ಧ ಬಿಚ್ಚಿದ್ದ ಕಾರೊಂದನ್ನು ರಸ್ತೆಗೆ ತಳ್ಳಿ, ನೆಲದ ಗುಂಡಿಗೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಮಂಚ ಹಾಕಿದ್ದರು. ಮೂವತ್ತು ವರ್ಷ ಆ ಗುಂಡಿಯೊಳಗೆ ನಿಂತು ಗಾಡಿಗಳ ಹೊಟ್ಟೆ ನೋಡಿದವನು ಈಗ ಅದರ ಮೇಲೆ ಮಲಗಿ ತಗಡಿನ ಸೂರು ನೋಡುತ್ತಿದ್ದ.

ಅತ್ತೆ ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ತಮ್ಮನ ಉಗುರು ಉಜ್ಜುತ್ತಿದ್ದರು. ಪಕ್ಕದ ಶೆಡ್ಡಿನಲ್ಲಿ ಲೇತ್ ನಡೆಸುವವನು, ಅವಳು ಹುಟ್ಟಿದಾಗಿನಿಂದ ಲೇತ್ ಮಾಮ ಎಂದೇ ಕರೆಯುತ್ತಿದ್ದವನು, ಎದುರಿಗೆ ಟೈರಿನ ಮೇಲೆ ಕೂತಿದ್ದ.

"ಬಿಡಕ್ಕ, ಅದು ಹೋಗೋ ಕಪ್ಪಲ್ಲ. ಡೀಸೆಲ್ ಮಸಿ. ಚರ್ಮ ಹೋದ್ರೂ ಅದು ಹೋಗಲ್ಲ."

"ಹೆಂಡ್ತಿ ಸತ್ತಾಗ್ಲೂ ಹೀಗೇ ಕಪ್ಪು ಕೈಲೇ ಬಂದು ನಿಂತಿದ್ದ" ಎಂದರು ಅತ್ತೆ. "ಕೈ ತೊಳ್ಕೊಂಡು ಬಾರೋ ಅಂದ್ರೆ ಒಂದ್ನಿಮಿಷ ಅಂದ."

ಸುತ್ತ ಕೂತಿದ್ದವರಲ್ಲಿ ಒಂದಿಬ್ಬರು ತಗ್ಗಿದ ದನಿಯಲ್ಲಿ ನಕ್ಕರು. ಊರಿನಲ್ಲಿ ಅಪ್ಪನಿಗೆ ಬೇರೆ ಹೆಸರಿರಲಿಲ್ಲ. ಎಲ್ಲರಿಗೂ ಅವನು 'ಒಂದ್ನಿಮಿಷ'. ಯಾವ ಗಾಡಿ ಬಂದರೂ ಆಫ್ ಮಾಡುವ ಮುಂಚೆ ಒಂದು ನಿಮಿಷ ಸುಮ್ಮನೆ ಓಡಲು ಬಿಡಿ ಎನ್ನುತ್ತಿದ್ದ. ಕಾದ ಟರ್ಬೊ ತಣಿಯಬೇಕು, ಆವರೆಗೆ ಎಣ್ಣೆ ಹರಿಯುತ್ತಿರಬೇಕು. ಕೇಳದೆ ಕೀ ತಿರುಗಿಸಿದವರ ಮೇಲೆ ಸ್ಪ್ಯಾನರ್ ಎತ್ತಿದ್ದೂ ಉಂಟು.

"ನಿನ್ನೇನೂ ಅದನ್ನೇ ಅಂದ" ಎಂದ ಲೇತ್ ಮಾಮ. "ಫಿಲ್ಟರ್ ಬಿಚ್ಚಿ ಕೈಲಿ ಹಿಡ್ಕೊಂಡಿದ್ದ. ಹಂಗೇ ಕ್ರೇಟ್ ಮೇಲೆ ಕೂತ. ಯಾಕಯ್ಯ ಅಂದೆ. ಒಂದ್ನಿಮಿಷ ಅಂದ. ಇವನ ಒಂದ್ನಿಮಿಷ ನಂಗೊತ್ತಿಲ್ವಾ, ನಮ್ಮ ಒಂದ್ ವಾರ. ಟೀ ತರೋಣ ಅಂತ ಹೋದೆ. ಬಂದೆ. ಫಿಲ್ಟರ್ ಇನ್ನೂ ಕೈಲೇ ಇತ್ತು."

ಅವನು ಎರಡು ಲೋಟ ತಂದಿದ್ದನಂತೆ. ಒಂದು ಇನ್ನೂ ಕಿಟಕಿಯ ಮೇಲೆ, ಕೆನೆ ಕಟ್ಟಿಕೊಂಡು, ಹಾಗೇ ಇತ್ತು.

*

ಮೂರು ವರ್ಷದ ಹಿಂದೆ, ಡಿಗ್ರಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದ ದಿನಗಳಲ್ಲಿ, ಅವಳು ಅಪ್ಪನ ಶೆಡ್ಡಿನಲ್ಲಿ ಕಾರ್ಡು ಬರೆಯುತ್ತಿದ್ದಳು. ಪ್ರತಿ ಗಾಡಿಗೂ ಒಂದು ಹಳದಿ ಕಾರ್ಡು: ಏನು ತೊಂದರೆ, ಏನು ಬಿಚ್ಚಿದ್ದು, ಏನು ಹಾಕಿದ್ದು. ಅಪ್ಪನ ಅಕ್ಷರ ಅಪ್ಪನಿಗೇ ಓದಲು ಬರುತ್ತಿರಲಿಲ್ಲ.

ಆ ಟ್ಯಾಕ್ಸಿ ದೂರದಿಂದಲೇ ಸಿಳ್ಳೆ ಹಾಕುತ್ತ ಬಂದಿತ್ತು. "ಆಂಬುಲೆನ್ಸ್ ಅಂತ ಜನ ದಾರಿ ಬಿಡ್ತಿದಾರೆ, ಒಂಥರಾ ಅನುಕೂಲಾನೇ" ಎಂದಿದ್ದ ಟ್ಯಾಕ್ಸಿಯವನು. ಅಪ್ಪ ನಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತ.

"ಟರ್ಬೊ ಹೋಗಿದೆ. ಹೋಗಿದ್ದು ದೊಡ್ಡ ವಿಷಯ ಅಲ್ಲ. ಯಾಕೆ ಹೋಯ್ತು ಅಂತ ಗೊತ್ತಾಗೋವರೆಗೂ ಹೊಸದು ಹಾಕಲ್ಲ."

ಎರಡನೆಯ ದಿನ ಅವಳನ್ನು ಕರೆದ. "ಬಾ ಇಲ್ಲಿ, ಡಿಗ್ರಿ. ನಿನ್ನ ಪುಸ್ತಕದಲ್ಲಿ ಇದಿದ್ಯಾ ನೋಡು."

ಅವನ ಅಂಗೈಯಲ್ಲಿ ದೊಡ್ಡ ಬಸವನ ಹುಳುವಿನ ಚಿಪ್ಪಿನಂಥ ಕಬ್ಬಿಣ. "ಸಾವಿರದಾರುನೂರು ಸಿಸಿ, ನಾಲ್ಕೇ ಸಿಲಿಂಡರು. ಇಷ್ಟು ಸಣ್ಣ ಇಂಜಿನ್ನಿಗೆ ತೊಂಬತ್ತು ಕುದುರೆ ಎಲ್ಲಿಂದ ಬಂತು? ಇದರಿಂದ. ಹೊರಗೆ ಹೋಗೋ ಹೊಗೇನ ಹಿಡಿದು ಚಕ್ರ ತಿರುಗಿಸಿ ಒಳಗೆ ಗಾಳಿ ತುಂಬುತ್ತೆ. ನಿಮಿಷಕ್ಕೆ ಹೆಚ್ಚುಕಡಿಮೆ ಎರಡು ಲಕ್ಷ ಸುತ್ತು. ಈ ಕಡ್ಡಿ ಇದ್ಯಲ್ಲ, ಇದು ಯಾವುದಕ್ಕೂ ತಾಗಲ್ಲ. ಎಣ್ಣೆ ಮೇಲೆ ತೇಲ್ತಿರುತ್ತೆ. ಎರಡು ಸೆಕೆಂಡು ಎಣ್ಣೆ ನಿಂತ್ರೆ ಕಥೆ ಮುಗೀತು."

"ಎಣ್ಣೆ ಯಾಕೆ ನಿಲ್ಲುತ್ತೆ?"

ಅವಳು ಪ್ರಶ್ನೆ ಕೇಳಿದ್ದೇ ಅವನಿಗೆ ಹಬ್ಬವಾಯಿತು. ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು ತೋರಿಸಿದ. ಇಂಜೆಕ್ಟರಿನ ಬುಡದಲ್ಲಿ ಡಾಂಬರಿನಂತೆ ಗಟ್ಟಿಯಾದ ಕಪ್ಪು. ಅಲ್ಲಿ ಒಂದು ತಾಮ್ರದ ವಾಷರು ಸವೆದಿತ್ತು, ಅಷ್ಟೇ. ಅದರ ಸಂದಿಯಿಂದ ಹೊಗೆ ಒಳಗೇ ಸೋರಿ, ಎಣ್ಣೆಯಲ್ಲಿ ಮಸಿ ಬೆರೆತು, ಎಣ್ಣೆ ಅಂಟಾಗಿ, ಆ ಅಂಟು ಟರ್ಬೊಗೆ ಹೋಗುವ ಪೈಪಿನ ಬಾಯಲ್ಲಿ ಕೂತಿತ್ತು. ಪೈಪನ್ನು ಬಿಗಿಯುವ ಟೊಳ್ಳು ಬೋಲ್ಟಿನೊಳಗೆ ಬೆರಳುಗುರಿನಷ್ಟು ಚಿಕ್ಕದೊಂದು ಜಾಲರಿ. ಕಟ್ಟಿಕೊಳ್ಳುವುದು ಮೊದಲು ಅದೇ.

"ಹೊಸ ಟರ್ಬೊ ಯಾವನ್ ಬೇಕಾದ್ರೂ ಹಾಕ್ತಾನೆ. ವಾಷರು, ಪೈಪು, ಈ ಬೋಲ್ಟು ಬದಲಾಯಿಸ್ದೆ, ಕೆಳಗಿನ ಎಣ್ಣೆ ತೊಟ್ಟಿ ತೊಳೀದೆ ಹಾಕಿದ್ರೆ ತಿಂಗಳಲ್ಲಿ ಅದೂ ಸಾಯುತ್ತೆ. ಬರ್ಕೋ, ಅಂಗಡಿಗೆ ಫೋನ್ ಮಾಡು."

ಹೊಸ ಸಾಮಾನು ಬಂದರೆ ಅವನ್ನು ಮೊಟ್ಟೆ ಬರುವ ರಟ್ಟಿನ ಟ್ರೇಯಲ್ಲಿ, ಹಾಕುವ ಕ್ರಮದಲ್ಲಿ, ಒಂದೊಂದು ಗುಳಿಗೆ ಒಂದೊಂದರಂತೆ ಜೋಡಿಸಿಡುವುದು ಅವಳ ಕೆಲಸ. ಹಳತೆಲ್ಲ ಕೆಂಪು ಡಬ್ಬಕ್ಕೆ. ಕೆಂಪು ಡಬ್ಬಕ್ಕೆ ಹೋದದ್ದು ಮತ್ತೆ ಬರಬಾರದು. ಗುಂಡಿಯೊಳಗಿಂದ ಅಪ್ಪನ ಕೈ ಮಾತ್ರ ಮೇಲೆ ಬಂದು ಟ್ರೇ ತಡಕುತ್ತಿತ್ತು, ಕಣ್ಣು ಬರುತ್ತಿರಲಿಲ್ಲ. ಮಗಳು ಜೋಡಿಸಿದ್ದನ್ನು ಅವನು ನೋಡುತ್ತಿರಲಿಲ್ಲ.

ಅವಳು ಚೀಟಿ ಬರೆದುಕೊಂಡು ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದಳು.

"ಯಾರು? ಒಂದ್ನಿಮಿಷದ ಮಗಳಾ? ಸ್ವಲ್ಪ ಜೋರಾಗಿ ಮಾತಾಡಮ್ಮ, ಫೋನ್‌ನಲ್ಲಿ ಇಲಿ ಸೇರ್ಕೊಂಡಂಗಿದೆ."

ಆ ಕಡೆ ನಾಲ್ಕೈದು ಜನ ನಕ್ಕದ್ದು ಕೇಳಿಸಿತು. ಅವಳು ಚೀಟಿ ಓದಿದಳು.

"ಎಲ್ಲಾ ಇದೆ. ಬೋಲ್ಟ್ ಮಾತ್ರ ಒಂದು ಸಮಸ್ಯೆ. ಆ ಇಂಜಿನ್ನಲ್ಲಿ ಎರಡು ಥರ ಬಂದಿದೆ. ಹೊರಗೆ ನೋಡೋಕೆ ಅವಳಿ ಜವಳಿ, ಥ್ರೆಡ್ಡೂ ಒಂದೇ, ಒಳಗಿನ ಜಾಲರಿ ಬೇರೆ. ಇಂಜಿನ್ ನಂಬರಿನ ಕೊನೇ ಅಕ್ಷರ ಹೇಳು, ಅದರ ಪ್ರಕಾರ ಕಳಿಸ್ತೀನಿ. ಸುಮ್ನೆ ಯಾವ್ದೋ ಕಳಿಸಿದ್ರೆ ನಿಮ್ಮಪ್ಪ ನನ್ನ ಚರ್ಮ ಸುಲೀತಾನೆ."

"ನೋಡಿ ಹೇಳ್ತೀನಿ."

"ನಾಲ್ಕು ಗಂಟೆಗೆ ನಮ್ಮ ಗಾಡಿ ಹೊರಡುತ್ತೆ. ಅಷ್ಟ್ರೊಳಗೆ ಹೇಳಮ್ಮ, ಇಲಿಮರಿ."

ಮತ್ತೆ ನಗು. ಅವಳು ಟಾರ್ಚು ಹಿಡಿದು ಬಗ್ಗಿ ಇಂಜಿನ್ನಿನ ಪಕ್ಕೆಯಲ್ಲಿ ಕೆತ್ತಿದ್ದ ನಂಬರು ನೋಡಿದಳು, ಕೊನೆಯ ಅಕ್ಷರವನ್ನು ಚೀಟಿಯಲ್ಲಿ ಬರೆದುಕೊಂಡಳು. ಫೋನ್ ಎತ್ತಿದಳು, ಇಟ್ಟಳು. ಆ ನಗುವ ಜನ ಹೋಗಲಿ, ಮೂರೂವರೆಗೆ ಮಾಡೋಣ ಎಂದುಕೊಂಡಳು. ಮೂರೂವರೆಗೆ ಎತ್ತಿ ಎರಡು ಅಂಕಿ ಒತ್ತಿದಳು. ನಾಲ್ಕು ಹೊಡೆಯಿತು.

ಮಾರನೆಯ ದಿನ ಬಂದ ಪೊಟ್ಟಣದಲ್ಲಿ ಬೋಲ್ಟು ಇರಲಿಲ್ಲ. ಅಪ್ಪ ಗುಂಡಿಯೊಳಗಿದ್ದ. ಅವಳು ಕೆಂಪು ಡಬ್ಬದಿಂದ ಹಳೆಯ ಬೋಲ್ಟನ್ನು ಎತ್ತಿ, ಹಲ್ಲುಜ್ಜುವ ಬ್ರಶ್ಶಿನಿಂದ ಪೆಟ್ರೋಲಿನಲ್ಲಿ ಉಜ್ಜಿ ಕಿಟಕಿಗೆ ಹಿಡಿದಳು. ಜಾಲರಿಯಾಚೆ ಬೆಳಕು ಕಂಡಿತು. ಬೆಳಕು ಬಂದರೆ ಎಣ್ಣೆಯೂ ಹೋಗುತ್ತದೆ ಎಂದುಕೊಂಡು ಅದನ್ನು ಟ್ರೇಯ ಮೂರನೆಯ ಗುಳಿಯಲ್ಲಿಟ್ಟಳು. ಅದು ನಿಜವಾಗಿಯೂ ಹೊಸದರಂತೆ ಹೊಳೆಯುತ್ತಿತ್ತು. ಕಾರ್ಡಿನಲ್ಲಿ ತನ್ನ ದುಂಡು ಅಕ್ಷರದಲ್ಲಿ "ಬೋಲ್ಟು, ಒಂದು, ಹೊಸತು" ಎಂದು ಬರೆದಳು.

ಅವಳ ದಿನಚರಿಯ ಆ ದಿನದ ಪುಟದಲ್ಲಿ ಇರುವುದು ಒಂದೇ ಸಾಲು: ಇವತ್ತು ತಲೆನೋವು, ಬೇಗ ಮಲಗಿದೆ.

*

"ಆ ಬೋಲ್ಟ್ ಆದ್ಮೇಲೆ ಮನುಷ್ಯ ಅರ್ಧ ಆಗೋದ" ಎನ್ನುತ್ತಿದ್ದ ಲೇತ್ ಮಾಮ. ಹತ್ತು ಗಂಟೆಯಾಗಿತ್ತು, ಶೆಡ್ಡು ತುಂಬಿತ್ತು. ಅವಳು ನೀರಿನ ಲೋಟಗಳ ತಟ್ಟೆ ಹಿಡಿದು ಎಲ್ಲರ ಮುಂದೆ ಬಗ್ಗಿ ಬಗ್ಗಿ ಹೋಗುತ್ತಿದ್ದಳು.

"ಯಾವ ಬೋಲ್ಟು?" ಲಾರಿ ಡ್ರೈವರನೊಬ್ಬ ಕೇಳಿದ.

"ನಿಂಗೊತ್ತಿಲ್ವಾ? ಟ್ಯಾಕ್ಸಿ ಕಥೆ. ಹೊಸ ಟರ್ಬೊ ಹಾಕಿ ಇಪ್ಪತ್ಮೂರನೇ ದಿನ. ಸ್ಕೂಲ್ ಮಕ್ಕಳು ಐದು ಜನ ಒಳಗೆ. ಏರು ಹತ್ತುವಾಗ ಟರ್ಬೊ ಒಡೀತು. ಒಡೆದ್ರೆ ಏನಾಗುತ್ತೆ? ಇಂಜಿನ್ ತನ್ನ ಎಣ್ಣೇನೇ ತಾನು ಕುಡಿಯೋಕೆ ಶುರು ಮಾಡುತ್ತೆ. ಕೀ ಕಿತ್ತು ಕೈಲಿ ಹಿಡ್ಕೊಂಡ್ರೂ ನಿಲ್ಲಲ್ಲ. ಕಿರುಚ್ತಾನೇ ಇರುತ್ತೆ. ಬೀದಿ ಪೂರ್ತಿ ಬಿಳಿ ಹೊಗೆ. ಮಕ್ಳು ಅತ್ತು ಅತ್ತು... ಅವನು ಟಾಪ್ ಗೇರಿಗೆ ಹಾಕಿ, ಬ್ರೇಕ್ ಮೇಲೆ ನಿಂತು, ಕ್ಲಚ್ ಬಿಟ್ಟು ಉಸಿರು ಕಟ್ಟಿಸಿ ನಿಲ್ಲಿಸ್ದ. ಯಾರಿಗೂ ಏನಾಗ್ಲಿಲ್ಲ, ಅದು ಅದೃಷ್ಟ. ಮಾರನೇ ದಿನದಿಂದ ಒಬ್ಬ ತಾಯೀನೂ ಮಗೂನ ಆ ಕಾರಿಗೆ ಹತ್ತಿಸ್ಲಿಲ್ಲ."

"ಒಂದ್ನಿಮಿಷ ಅಂಥ ಕೆಲ್ಸ ಮಾಡಲ್ಲ ಬಿಡಪ್ಪ."

"ನಾನೂ ಹಂಗೇ ಅಂದೆ. ಬಿಚ್ಚಿದ್ರೆ ಒಳಗೆ ಹಳೇ ಬೋಲ್ಟು! ಜಾಲರಿ ಪೂರ್ತಿ ಕಟ್ಕೊಂಡಿತ್ತು. ಕಣ್ಣು ಕಾಣ್ಲಿಲ್ಲ, ಹಳೇದನ್ನೇ ಹಾಕ್ಬಿಟ್ಟೆ ಅಂತ ಅವನೇ ಒಪ್ಕೊಂಡ. ಆಮೇಲೇ ಆ ಕನ್ನಡಕ ಬಂದಿದ್ದು. ಆರು ವಾರ ಒಬ್ನೇ ಕೂತು ಟ್ಯಾಕ್ಸಿಗೆ ಇಂಜಿನ್ ಮೊದಲಿಂದ ಕಟ್ಟಿಕೊಟ್ಟ. ಅದೇ ಕೊನೆ. ಮತ್ತೆ ಟರ್ಬೊ ಮುಟ್ಲಿಲ್ಲ. ಫಿಲ್ಟರ್ ಬದಲಾಯಿಸ್ಕೊಂಡು ಕೂತ." ಲೇತ್ ಮಾಮ ಅವಳ ತಟ್ಟೆಯಿಂದ ಲೋಟ ತೆಗೆದುಕೊಂಡ. "ಆಗ ಕಾರ್ಡ್ ಬರೀತಿದ್ದೋಳು ನೀನೇ ಅಲ್ವೇನಮ್ಮ? ಹೊಸ ಬೋಲ್ಟ್ ಬಂದಿತ್ತಾ ಆವಾಗ? ಅಪ್ಪ ಏನಾದ್ರೂ ಹೇಳಿದ್ನಾ?"

ಅವಳು ತಟ್ಟೆಯಲ್ಲಿ ಉಳಿದ ಲೋಟಗಳನ್ನು ಒತ್ತಾಗಿ ಜೋಡಿಸಿದಳು.

"ಇಲ್ಲ ಮಾಮ. ನಂಗೇನೂ ಗೊತ್ತಿಲ್ಲ."

ಲೋಟ ತುಂಬುವ ನೆಪದಲ್ಲಿ ಒಳಗೆ ಹೋದವಳು ಮಡಕೆಯ ಮುಂದೆ ನಿಂತೇ ಇದ್ದಳು. ಟರ್ಬೊ ಒಡೆದ ಆ ಸಂಜೆ ಅಪ್ಪ ಬೋಲ್ಟನ್ನು ಅಂಗೈಯಲ್ಲಿಟ್ಟುಕೊಂಡು ಗುಂಡಿಯಿಂದ ಮೇಲೆ ಬಂದಿದ್ದ. ಅವಳು ಬಾಗಿಲಲ್ಲಿದ್ದಳು. ಅವನು ಬೋಲ್ಟು ನೋಡಿದ, ಟ್ಯಾಕ್ಸಿಯವನನ್ನು ನೋಡಿದ, ಅವಳ ಕಡೆ ತಿರುಗಲಿಲ್ಲ. ಎಡಗೈಯ ಮಣಿಕಟ್ಟಿನಿಂದ ಕಣ್ಣುಜ್ಜಿಕೊಂಡು, "ನಂದೇ ತಪ್ಪು. ಇತ್ತೀಚೆಗೆ ಹತ್ರದ್ದು ಕಾಣಲ್ಲ" ಎಂದ. ಈಗ ಹೇಳುತ್ತೇನೆ ಎಂದು ಅವಳು ಬಾಯಿ ತೆರೆದಿದ್ದಳು. ನಾಳೆ ಹೇಳುತ್ತೇನೆ ಎಂದು ಮುಚ್ಚಿದ್ದಳು. ಹಾಗೆ ಸಾವಿರಕ್ಕೂ ಹೆಚ್ಚು ನಾಳೆ ಆಗಿಹೋದವು. ವಾರದೊಳಗೆ ಅಪ್ಪನ ಮೂಗಿನ ಮೇಲೆ ಕಪ್ಪು ಕಟ್ಟಿನ ಕನ್ನಡಕ ಬಂತು. ಮೂರು ವರ್ಷದಲ್ಲಿ ಅವಳು ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ. ಮೇಜಿನ ಮೇಲಿದ್ದರೆ ಅದನ್ನು ಬಿಟ್ಟು ಸುತ್ತಲೂ ಒರೆಸುತ್ತಿದ್ದಳು.

ಹೊರಗೆ ಒಂದು ಕಾರು ನಿಂತ ಸದ್ದು. ನಿಂತಿತು, ಆಫ್ ಆಗಲಿಲ್ಲ. ಶೆಡ್ಡಿನಲ್ಲಿ ಮಾತು ತಾನಾಗಿ ನಿಂತುಹೋಯಿತು. ಅವಳು ಒಳಗೇ ನಿಂತು ಎಣಿಸಿದಳು. ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಇಂಜಿನ್ ಆಫ್ ಆಯಿತು.

ಬಂದವನು ಟ್ಯಾಕ್ಸಿಯವನು.

"ಅಂಗಡಿಯವನು ಹೇಳ್ದ" ಎಂದು ಅವನು ಅತ್ತೆಗೆ ಕೈ ಮುಗಿದ. "ಇಲ್ಲಿಂದ ಯಾರೂ ಹೇಳ್ಲಿಲ್ಲ ನಂಗೆ."

"ಅಯ್ಯೋ, ಎಲ್ಲಾರ್ಗೂ ಹೇಳಿದ್ಲಲ್ಲಪ್ಪ ನಮ್ಮ ಹುಡುಗಿ" ಎಂದರು ಅತ್ತೆ. "ನಿಮ್ಮ ಫೋನೇ ಹತ್ಲಿಲ್ವೇನೋ."

ಅವನು ಅವಳನ್ನು ನೋಡಿದ. "ಇರ್ಬಹುದು. ನಂದು ಹಳೇ ಫೋನು" ಎಂದ.

ಅಪ್ಪನ ತಲೆಯ ಹತ್ತಿರ ಹೋಗಿ ನಿಂತ. ಐವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ. ಮಾತಿಗೊಂದು ತಮಾಷೆ ಮಾಡುವವನು. ಇವತ್ತು ಏನೂ ಸಿಗಲಿಲ್ಲ. ಮಂಚದ ಅಂಚಿನ ಮೇಲೆ ಕೈಯಿಟ್ಟು, "ಸಾವಿರ ಸಾವಿರ ಕಿಲೋಮೀಟರ್ ಓಡ್ತಿದೆ ನೋಡು, ಒಂದ್ ತೊಟ್ಟು ಎಣ್ಣೆ ಕಡಿಮೆ ಆಗಲ್ಲ" ಎಂದಷ್ಟೇ ಹೇಳಿದ, ಸರ್ವೀಸಿಗೆ ಬಿಟ್ಟ ಗಾಡಿಯ ವಿಷಯ ಹೇಳುವವನಂತೆ.

ಹೊರಡುವ ಹೊತ್ತಿಗೆ ಅತ್ತೆ ಒಳಗಿನಿಂದ ಕನ್ನಡಕ ತಂದರು. "ಇದನ್ನ ಹಾಕೇ ಕಳಿಸೋಣ. ಪಾಪ, ಇದಿಲ್ದೆ ಏನೂ ಕಾಣ್ತಿರ್ಲಿಲ್ಲ."

"ಇದ್ದಾಗ್ಲೂ ಕಾಣ್ತಿರ್ಲಿಲ್ಲ" ಎಂದ ಲೇತ್ ಮಾಮ, ಕಣ್ಣೊರೆಸಿಕೊಂಡು. "ಸಣ್ಣ ಅಕ್ಷರ ಓದ್ಬೇಕಾದ್ರೆ ಹಣೆ ಮೇಲೆ ಏರಿಸ್ಕೊಂಡು ಓದ್ತಿದ್ದ, ಕತ್ತೆ."

ಅತ್ತೆ ಅದನ್ನು ಅಪ್ಪನ ಮುಖಕ್ಕೆ ತೊಡಿಸಿದರು. ಒಂದು ಕಡ್ಡಿ ಕಿವಿಯ ಹಿಂದೆ ಸರಿಯಾಗಿ ಕೂರಲಿಲ್ಲ. ಆ ವಾರೆಯಾದ ಗಾಜಿನ ಹಿಂದೆ ಮುಚ್ಚಿದ ಕಣ್ಣುಗಳನ್ನು ನೋಡಿ ಅವಳಿಗೆ ನಿಲ್ಲಲಾಗಲಿಲ್ಲ. ಹೀಗೇ, ಇದನ್ನು ಹಾಕಿಕೊಂಡೇ, ಅವನು ಮಣ್ಣಿನೊಳಗೆ ಹೋಗುತ್ತಾನೆ. ಕೈ ಚಾಚಿ ತೆಗೆದುಬಿಟ್ಟಳು.

"ಯಾಕೇ?" ಎಂದರು ಅತ್ತೆ.

"ಬೇಡ ಅತ್ತೆ."

"ಯಾಕೆ ಅಂತ ಹೇಳ್ಬಾರ್ದಾ?"

ಅವಳು ಕನ್ನಡಕದ ಕಡ್ಡಿಗಳನ್ನು ಮಡಚಿದಳು. ನೆನಪಿಗೆ ಇಟ್ಕೋತಾಳೇನೋ ಬಿಡಿ ಎಂದು ಯಾರೋ ಅಂದರು. ಎಲ್ಲರೂ ಅವಳನ್ನು ಕನಿಕರದಿಂದ ನೋಡಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

*

ಸ್ಮಶಾನದಿಂದ ಮರಳುವಾಗ ಲೇತ್ ಮಾಮನ ವ್ಯಾನು ಅತ್ತೆಯನ್ನೂ ಉಳಿದವರನ್ನೂ ತುಂಬಿಕೊಂಡು ಮುಂದೆ ಹೋಯಿತು. ಅವಳಿಗೆ ಜಾಗವಿರಲಿಲ್ಲ. "ಬನ್ನಿ, ನಾನು ಬಿಡ್ತೀನಿ" ಎಂದು ಟ್ಯಾಕ್ಸಿಯವನು ಮುಂದಿನ ಬಾಗಿಲು ತೆರೆದ.

ಕಾರು ಹಳೆಯದು, ಒಳಗೆ ಚೊಕ್ಕಟ. ಸೀಟಿನ ಸಂದಿಯಲ್ಲಿ ಒಂದು ಬಣ್ಣದ ಪೆನ್ಸಿಲಿನ ತುಂಡು ಸಿಕ್ಕಿಕೊಂಡಿತ್ತು, ಹಳದಿಯದು. ಮೂರು ವರ್ಷದ ಹಿಂದಿನದೇ ಇರಬೇಕು. ಅವಳು ಕನ್ನಡಕವನ್ನು ಮಡಿಲಲ್ಲಿ ಹಿಡಿದು ಕೂತಳು. ಇಂಜಿನ್ ಸದ್ದು ಹದವಾಗಿತ್ತು. ಏರಿನಲ್ಲಿ ಸಿಳ್ಳೆ ಬರುತ್ತದೇನೋ ಎಂದು ಉಸಿರು ಬಿಗಿಹಿಡಿದಳು. ಬರಲಿಲ್ಲ.

"ಆ ಮಕ್ಕಳಲ್ಲಿ ಒಂದು ಈಗ್ಲೂ ಟಾಟಾ ಮಾಡುತ್ತೆ, ದಾರೀಲಿ ಕಂಡ್ರೆ" ಎಂದ ಅವನು, ರಸ್ತೆ ನೋಡುತ್ತ. "ಕೊನೇ ಸೀಟಲ್ಲಿ ಕೂರ್ತಿದ್ದ ಹುಡುಗಿ. ಈಗ ಬೆಳೆದಿದೆ."

ಅವಳು ಪೆನ್ಸಿಲಿನ ತುಂಡಿನ ಕಡೆ ನೋಡಿದಳು.

"ನಾನು ಇವತ್ತು ಬಂದಿದ್ದು ಯಾಕೆ ಗೊತ್ತಾ? ನಿಮ್ಮಪ್ಪನ ಹತ್ರ ಒಂದು ಮಾತು ಹೇಳೋದು ಉಳಿದಿತ್ತು. ಇಂಜಿನ್ ಕಟ್ಟಿಕೊಟ್ಟ, ನಿಜ. ಆದ್ರೆ ನಂಗೆ ಹೊಟ್ಟೆ ಉರೀತಿತ್ತು. ಸ್ಟ್ಯಾಂಡಲ್ಲಿ, ಪೆಟ್ರೋಲ್ ಬಂಕಲ್ಲಿ, ಕಂಡಕಂಡವರ ಹತ್ರ ಹೇಳ್ಕೊಂಡು ತಿರುಗ್ದೆ, ಒಂದ್ನಿಮಿಷಂಗೆ ಕಣ್ಣು ಕಾಣಲ್ಲ, ಅಲ್ಲಿಗೆ ಗಾಡಿ ಕೊಂಡೋಗ್ಬೇಡಿ ಅಂತ. ಅವನು ಟರ್ಬೊ ಕೆಲ್ಸ ಬಿಟ್ಟ ಅಂತಾರಲ್ಲ, ಅವನು ಬಿಟ್ಟಿದ್ದಲ್ಲಮ್ಮ. ಬರೋರು ಬಿಟ್ಟಿದ್ದು. ಬಿಡಿಸಿದ್ದು ನಾನು." ಗೇರ್ ಬದಲಾಯಿಸಿದ. "ಅವನಿಗದು ಗೊತ್ತಿತ್ತು. ಆದ್ರೂ ಪ್ರತಿ ಸಲ ಫಿಲ್ಟರ್ ಹಾಕಿ, ಟೀ ಕುಡ್ಸಿ ಕಳಿಸ್ತಿದ್ದ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ..."

ಅವನು ಪಕ್ಕದ ಗಾಜನ್ನು ಅರ್ಧ ಇಳಿಸಿದ.

ಶೆಡ್ಡಿನ ಮುಂದೆ ಕಾರು ನಿಂತಿತು. ಬಾಗಿಲಲ್ಲಿ ಅತ್ತೆ ಬಕೆಟ್ಟಿನಿಂದ ಲೋಟದಲ್ಲಿ ನೀರು ಮೊಗೆದು ಬಂದವರ ಕೈಗೆ ಹಾಕುತ್ತಿದ್ದರು. ಲೇತ್ ಮಾಮ ಗುಂಡಿಯ ಮೇಲಿನ ಹಲಗೆ ಎತ್ತುತ್ತಿದ್ದ. ಟ್ಯಾಕ್ಸಿಯವನು ಹ್ಯಾಂಡ್‌ಬ್ರೇಕ್ ಎಳೆದು ಕೀ ಮೇಲೆ ಕೈಯಿಟ್ಟ. ತಿರುಗಿಸಲಿಲ್ಲ.

"ಅಭ್ಯಾಸ" ಎಂದ. ಕಾಯುತ್ತ, ಏನಾದರೂ ಮಾಡಬೇಕೆನ್ನುವಂತೆ, ಅವಳ ಮಡಿಲಿನತ್ತ ಇನ್ನೊಂದು ಕೈ ಚಾಚಿದ. "ಕೊಡಿ, ನೋಡೋಣ. ನಂಗೂ ಬೇಕಾಗೋ ವಯಸ್ಸು."

ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡ. ಮೀಟರಿನ ಸಣ್ಣ ಅಂಕಿ ನೋಡಿದ. ದೂರದ ಬೋರ್ಡು ನೋಡಿದ. ತೆಗೆದ, ಮತ್ತೆ ಹಾಕಿಕೊಂಡ.

"ಇದ್ರಲ್ಲಿ ಪವರೇ ಇಲ್ವಲ್ಲ! ಬರೀ ಗಾಜು."

ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು ಹಾಕಿಕೊಂಡಳು. ಅತ್ತೆಯ ಸೀರೆಯ ಅಂಚು, ಬಕೆಟ್ಟಿನ ಸೀಳು, ತನ್ನ ಅಂಗೈಯ ಗೆರೆ, ಎಲ್ಲವೂ ಇದ್ದ ಹಾಗೇ ಇದ್ದವು. ಒಂದೂ ದೊಡ್ಡದಾಗಲಿಲ್ಲ, ಒಂದೂ ಮಸುಕಾಗಲಿಲ್ಲ.

ಕನ್ನಡಕ ಬಂದ ವಾರವೇ ಅಪ್ಪ, "ಡಿಗ್ರಿ, ಇನ್ಮೇಲೆ ನೀನು ಅಂಗಡಿಗೆ ಫೋನ್ ಮಾಡೋದು ಬೇಡ, ನಂಗೆ ಆ ಕಡೆ ಹೇಗೂ ಕೆಲ್ಸ ಇರುತ್ತೆ" ಎಂದಿದ್ದ. ಅಂದಿನಿಂದ ಬಿಡಿಭಾಗಕ್ಕೆಲ್ಲ ತಾನೇ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದ, ಒಂದು ವಾಷರಿಗೂ. ಎಷ್ಟು ಹಗುರವಾಗಿತ್ತು ಅವಳಿಗೆ ಆಗ. ಅಂಗಡಿಯವನು ಹೇಳಿರುತ್ತಾನೆ, ನಿನ್ನ ಮಗಳು ಆಮೇಲೆ ಫೋನೇ ಮಾಡಲಿಲ್ಲ ಎಂದು.

"ಇದನ್ನ ಯಾಕೆ ಹಾಕ್ಕೊಂಡಿದ್ದ ಇವನು?" ಟ್ಯಾಕ್ಸಿಯವನು ಇನ್ನೂ ಅಚ್ಚರಿಯಲ್ಲಿದ್ದ. "ಹೇ, ಯಾಕಿರ್ಬಹುದು?"

ಅವಳ ಕೈ ತಾನಾಗಿ ಚೀಟಿ ಹುಡುಕಿತು. ಬೆಳಗಿನದೇ ಇತ್ತು, ಎರಡು ಸಾಲಿನದು. ಇದಕ್ಕೆ ಏನೂ ಬರೆದುಕೊಂಡಿರಲಿಲ್ಲ.

"ನಾನು" ಎಂದಳು.

"ಏನಂದ್ರಿ? ಇರಿ, ಆಫ್ ಮಾಡ್ತೀನಿ, ಕೇಳಿಸ್ತಿಲ್ಲ."

"ಆಫ್ ಮಾಡ್ಬೇಡಿ!" ಕೀ ಮೇಲಿದ್ದ ಅವನ ಕೈಯನ್ನು ಹಿಡಿದಳು. "ಇನ್ನೂ ಒಂದು ನಿಮಿಷ ಆಗಿಲ್ಲ." ಇಂಜಿನ್ನಿನ ಸದ್ದಿನ ಮೇಲೆ, ತನಗೇ ಗುರುತು ಸಿಗದ ದೊಡ್ಡ ದನಿಯಲ್ಲಿ ಹೇಳಿದಳು: "ಅಪ್ಪನ ಕಣ್ಣು ಚೆನ್ನಾಗೇ ಇತ್ತು. ಆ ಹಳೇ ಬೋಲ್ಟು ತೊಳೆದು ಟ್ರೇಗೆ ಇಟ್ಟಿದ್ದು ನಾನು."

ಬಾಗಿಲಲ್ಲಿ ಅತ್ತೆ ತಿರುಗಿ ನೋಡಿದರು. ಲೋಟದ ನೀರು ಯಾರ ಕೈಗೂ ಬೀಳದೆ ನೆಲಕ್ಕೆ ಸುರಿಯುತ್ತಿತ್ತು. ಲೇತ್ ಮಾಮ ಎತ್ತಿದ ಹಲಗೆಯನ್ನು ಎದೆಗೆ ಒತ್ತಿಹಿಡಿದು ನಿಂತಿದ್ದ. ಒಂದು ನಿಮಿಷ ಆಗಿಹೋಗಿತ್ತು. ಟ್ಯಾಕ್ಸಿಯವನ ಕೈ ಕೀ ಮೇಲೆ ಹಾಗೇ ಇತ್ತು, ಇಂಜಿನ್ ಓಡುತ್ತಲೇ ಇತ್ತು.